ಕೋಳಿ ಮರಿ ಇಳಿಸಿದ ಮೊದಲ ದಿನ ಬೆಲ್ಲದ ನೀರು, ನುಚ್ಚು ಸಾಕಾ? ಇಲ್ಲ ಬಂದ ತಕ್ಷಣ ಫೀಡ್ ಹಾಕಬೇಕಾ?

ಮಳವಳ್ಳಿ ಹೊಸ ಶೆಡ್

ಎಲ್ಲರಿಗೂ ನಮಸ್ಕಾರ. ಮಳವಳ್ಳಿ ತಾಲ್ಲೂಕಿನವನು. ಕಬ್ಬು ಹಾಕುತ್ತಿದ್ದ ಜಾಗದಲ್ಲಿ ಸ್ವಲ್ಪ ಬಿಡಿಸಿ ಬ್ರಾಯ್ಲರ್ ಶೆಡ್ ಕಟ್ಟಿದ್ದೇವೆ. ಕಂಪನಿ ಕಾಂಟ್ರ್ಯಾಕ್ಟ್ ಇಲ್ಲ, ಮರಿ, ಫೀಡ್, ಔಷಧಿ ಎಲ್ಲ ನಮ್ಮದೇ ದುಡ್ಡು. ಮುಂದಿನ ವಾರ 2000 ಮರಿ ಬರುತ್ತವೆ. ಮರಿ ಮಾಡಿಸೋ ಹ್ಯಾಚರಿ ದೂರ ಇದೆ, ಗಾಡಿ ಇಲ್ಲಿಗೆ ತಲುಪುವಾಗ ರಾತ್ರಿ ಹತ್ತೋ ಹನ್ನೊಂದೋ ಆಗುತ್ತೆ ಅಂದಿದ್ದಾರೆ.

ನನ್ನ ಗೊಂದಲ ಇಷ್ಟೇ. ನಮ್ಮ ಊರಿನಲ್ಲಿ ಕೋಳಿ ಸಾಕಿರೋ ಹಿರಿಯರು ಹೇಳೋದು, ಮರಿ ಹೊಟ್ಟೆಯಲ್ಲಿ ಮೊಟ್ಟೆಯ ಹಳದಿ ಇನ್ನೂ ಇರುತ್ತೆ, ಅದು ಕರಗೋವರೆಗೂ ಫೀಡ್ ಹಾಕಬೇಡ, ಮೊದಲ ದಿನ ಪೂರ್ತಿ ಬೆಲ್ಲದ ನೀರು ಕೊಡು, ಆಮೇಲೆ ಮುಸುಕಿನ ಜೋಳದ ನುಚ್ಚು ಹಾಕು, ಫೀಡ್ ಎರಡನೇ ದಿನದ ಮೇಲೆ ಅಂತ. ಬೇಗ ಫೀಡ್ ಹಾಕಿದರೆ ಹಿಂದೆ ಹಿಕ್ಕೆ ಅಂಟಿಕೊಂಡು ಸಾಯುತ್ತವಂತೆ. ನಮ್ಮಜ್ಜಿ ಕೂಡ ಅದಕ್ಕೆ ಸೇರಿಸಿ ಹೇಳ್ತಾರೆ, ಹೇಂಟೆ ಕಾವಿಗೆ ಕೂತು ಮರಿ ಮಾಡಿದರೆ ಒಂದು ದಿನ ಮರಿಗಳನ್ನ ರೆಕ್ಕೆ ಕೆಳಗಿಂದ ಈಚೆಗೇ ಬಿಡಲ್ಲ, ಅವೇನು ಸತ್ತೋಗ್ತವಾ ಅಂತ. ಫೀಡ್ ಅಂಗಡಿಯವರು ನೋಡಿದರೆ ಪ್ರೀ ಸ್ಟಾರ್ಟರ್ (ಮೊದಲ ದಿನಗಳ ಮರಿ ಫೀಡ್) ತಗೊಂಡು ಹೋಗಿ, ಬಾಕ್ಸ್ ಬಿಚ್ಚಿದ ತಕ್ಷಣ ಹಾಕಿ ಅಂತಾರೆ. ಅವರಿಗೆ ಮೂಟೆ ಹೋಗಬೇಕಲ್ಲ, ಹಾಗಾಗಿ ಹೇಳ್ತಾರೇನೋ ಅನ್ನೋ ಅನುಮಾನ ನನಗೆ.

ಯಾವುದು ಸರಿ? ಚಳಿ ಬೇರೆ ಶುರುವಾಗಿದೆ. ದಯವಿಟ್ಟು ಅನುಭವ ಇರೋರು ಹೇಳಿ. ಎಷ್ಟು ಗಂಟೆ, ಎಷ್ಟು ಗ್ರಾಂ ಅಂತ ಬಿಡಿಸಿ ಹೇಳಿದರೆ ಇನ್ನೂ ಒಳ್ಳೆಯದು.

ಕಾವೇರಿ ತೀರ, ತಿ. ನರಸೀಪುರ

ಅಂಗಡಿಯವರು ಈ ವಿಷಯದಲ್ಲಿ ಸರಿಯಾಗೇ ಹೇಳಿದ್ದಾರೆ. ಬಾಕ್ಸ್ ಬಿಚ್ಚಿದ ಮೇಲೆ ನೀರು, ಫೀಡ್ ಎರಡೂ ಮರಿ ಕಣ್ಣಿಗೆ ಒಟ್ಟಿಗೇ ಬೀಳಬೇಕು. ತಡ ಮಾಡೋಕೆ ಯಾವ ಕಾರಣವೂ ಇಲ್ಲ.

ಆದರೆ ಅದಕ್ಕಿಂತ ಮುಂಚೆ ಒಂದಿದೆ, ಬಿಸಿ. ನೀವು ಎಷ್ಟು ಒಳ್ಳೆ ಫೀಡ್ ಹಾಕಿ, ನೆಲ ತಣ್ಣಗಿದ್ದರೆ ಮರಿ ತಿನ್ನಲ್ಲ. ಒಂದರ ಮೇಲೊಂದು ಬಿದ್ದು ಗುಂಪು ಕಟ್ಟಿಕೊಂಡು ಕೂತುಬಿಡುತ್ತೆ. ಎಷ್ಟೋ ಜನ ಮರಿ ಫೀಡ್ ಮುಟ್ಟಲಿಲ್ಲ ಅಂತ ಫೀಡ್ ಬೈತಾರೆ, ಹೋಗಿ ನೋಡಿದರೆ ನೆಲಕ್ಕೆ ಹಾಸಿದ ಹೊಟ್ಟು ತಣ್ಣಗೆ ಕೊರೀತಾ ಇರುತ್ತೆ. ಈ ಚಳಿಯಲ್ಲಿ ಮರಿ ಬರೋ ಹಿಂದಿನ ದಿನವೇ ಬಿಸಿ ಕೊಡೋ ಬ್ರೂಡರ್ ಹಚ್ಚಿ. ಗಾಳಿ ಬಿಸಿಯಾದರೆ ಸಾಲದು, ಭತ್ತದ ಹೊಟ್ಟು ಒಳಗಿಂದ ಬಿಸಿಯಾಗಬೇಕು, ಅದಕ್ಕೆ ಟೈಮ್ ಬೇಕು. ಹೊಟ್ಟು ಎರಡು ಮೂರು ಇಂಚು ದಪ್ಪ ಇರಲಿ. ಥರ್ಮಾಮೀಟರನ್ನ ಗೋಡೆಗೆ ಮೊಳೆ ಹೊಡೆದು ನೇತುಹಾಕಬೇಡಿ, ಮರಿ ಬೆನ್ನಿನ ಎತ್ತರದಲ್ಲಿ ಇಡಿ. ಅಲ್ಲಿ 95 ಡಿಗ್ರಿ ಫ್ಯಾರನ್‌ಹೀಟ್ ಬರಬೇಕು, ಆಮೇಲೆ ವಾರಕ್ಕೆ ಸುಮಾರು 5 ಡಿಗ್ರಿ ಇಳಿಸುತ್ತಾ ಹೋಗಬಹುದು. ಬಲ್ಬ್ ಹಾಕೋದಾದರೆ ಮರಿಗೆ 2 ವ್ಯಾಟ್ ಲೆಕ್ಕ ಹಿಡಿಯಿರಿ. ಗ್ಯಾಸ್ ಬ್ರೂಡರ್ ಇದ್ದರೆ ಇನ್ನೂ ಒಳ್ಳೆಯದು, ಕರೆಂಟಿನ ಚಿಂತೆ ಇರಲ್ಲ. ಇದ್ದಿಲು ಒಲೆ ಇಡೋರು ಹೊಗೆ ಹೋಗೋಕೆ ದಾರಿ ಬಿಡಿ. ಪರದೆ ಪೂರ್ತಿ ಮುಚ್ಚಿ ಒಳಗೆ ಉಸಿರು ಕಟ್ಟಿಸಬೇಡಿ, ಮೇಲುಗಡೆ ಒಂದಡಿ ತೆರೆದಿರಲಿ.

ಮರಿ ಸುತ್ತ ಬೇಲಿ ಥರ ನಿಲ್ಲಿಸೋ ಒಂದೊಂದು ಚಿಕ್ ಗಾರ್ಡ್ ಒಳಗೆ 250 ರಿಂದ 300 ಮರಿ ಸಾಕು. ಹೊಟ್ಟಿನ ಮೇಲೆ ನ್ಯೂಸ್ ಪೇಪರ್ ಮೂರು ನಾಲ್ಕು ಪದರ ಹಾಸಿ. ನುಣುಪಾದ ಬಣ್ಣದ ಪೇಪರ್ ಬೇಡ, ಮರಿ ಕಾಲು ಜಾರಿ ಅಗಲ ಆಗುತ್ತೆ. ಫೀಡನ್ನ ಆ ಪೇಪರ್ ಮೇಲೇ ಚೆಲ್ಲಿ, ಟ್ರೇಯಲ್ಲೂ ಇಡಿ. ಯಾಕೆ ಪೇಪರ್ ಅಂದರೆ, ಒಂದು ಮರಿ ಕುಕ್ಕಿದಾಗ ಟಕ್ ಟಕ್ ಅಂತ ಸದ್ದು ಬರುತ್ತೆ, ಆ ಸದ್ದಿಗೆ ಪಕ್ಕದ ಮರಿ ಬಂದು ಕುಕ್ಕುತ್ತೆ. ಅರ್ಧ ಗಂಟೆ ಸುಮ್ನೆ ಕೂತು ನೋಡಿ, ಒಂದು ಮೂಲೆಯಲ್ಲಿ ಶುರುವಾಗಿದ್ದು ಇಡೀ ಗಾರ್ಡ್‌ಗೆ ಹರಡುತ್ತೆ. ದಿನಾ ಮೇಲಿನ ಒಂದು ಪದರ ಎತ್ತಿ ಬಿಸಾಕಿ, ಮೂರು ನಾಲ್ಕು ದಿನಕ್ಕೆ ಪೇಪರ್ ಖಾಲಿಯಾಗುತ್ತೆ, ಅಷ್ಟರಲ್ಲಿ ಮರಿ ಟ್ರೇ ಕಲಿತಿರುತ್ತೆ.

ನೀರಿನ ಡ್ರಿಂಕರ್ 100 ಮರಿಗೆ ಎರಡು ಇಡಿ. ಗಾಡಿ ಬರೋಕೆ ಎರಡು ಮೂರು ಗಂಟೆ ಮುಂಚೆ ತುಂಬಿಸಿ ಗಾರ್ಡ್ ಒಳಗೇ ಇಟ್ಟಿರಿ, ಚಳಿ ಬಿಟ್ಟಿರಬೇಕು. ರಾತ್ರಿ ಹನ್ನೊಂದಕ್ಕೆ ಓವರ್‌ಹೆಡ್ ಟ್ಯಾಂಕಿನ ನೀರು ಹಿಡಿದು ಕೊಟ್ಟರೆ ಮರಿ ಕುಡಿದು ನಡುಗುತ್ತೆ.

ಕಬ್ಬಿನ ಗದ್ದೆ

ನಾನು ಪಾಂಡವಪುರ ಕಡೆ. ಕಾವೇರಿ ತೀರ ಅಣ್ಣನ ಬಿಸಿ ಮಾತು ನೂರಕ್ಕೆ ನೂರು ಒಪ್ತೀನಿ. ಫೀಡ್ ಮಾತು ಮಾತ್ರ ಒಪ್ಪಲ್ಲ.

ನಾವು ಮೊದಲಿನಿಂದಲೂ ನುಚ್ಚು ಹಾಕಿಯೇ ಮರಿ ಎಬ್ಬಿಸಿರೋದು. ನುಚ್ಚು ಒರಟಾಗಿರುತ್ತೆ, ಅಂಟಲ್ಲ, ಹೊಟ್ಟೆ ಕ್ಲೀನ್ ಆಗುತ್ತೆ. ಪುಡಿ ರೂಪದ ಮ್ಯಾಶ್ ಫೀಡ್ ನೇರವಾಗಿ ಹಾಕಿದ ಕಡೆ ಎರಡನೇ ದಿನವೇ ಹಿಂದೆ ಗಟ್ಟಿಯಾಗಿ ಮೆತ್ತಿಕೊಂಡಿರೋ ಮರಿ ಎಷ್ಟೋ ನೋಡಿದ್ದೀನಿ. ಬೆಚ್ಚಗಿನ ನೀರಲ್ಲಿ ಹತ್ತಿ ನೆನೆಸಿ ಒಂದೊಂದನ್ನೇ ಒರೆಸಬೇಕು, ಅದು ಎಂಥ ಕೆಲಸ ಅಂತ ಮಾಡಿದವರಿಗೇ ಗೊತ್ತು. ಬೆಲ್ಲದ ನೀರು ಕೂಡ ಸುಮ್ನೆ ಬಂದ ಪದ್ಧತಿ ಅಲ್ಲ. ದೂರದಿಂದ ಬಂದ ಮರಿಗೆ ತಕ್ಷಣ ಶಕ್ತಿ ಬರುತ್ತೆ. ನಮ್ಮ ಕಡೆ ಆಲೆಮನೆ ಬೆಲ್ಲಕ್ಕೇನು ಬರ ಇಲ್ಲ, ಪುಡಿ ಬೆಲ್ಲ ಕೊಟ್ಟರೆ ಮುಗೀತು. ಅಜ್ಜಿ ಹೇಳಿದ ಹೇಂಟೆ ಮಾತು ಕೂಡ ತೆಗೆದು ಹಾಕೋ ಅಂಥದ್ದಲ್ಲ. ಪ್ರಕೃತಿಯೇ ಹಳದಿ ಇಟ್ಟು ಕಳಿಸಿದೆ ಅಂದಮೇಲೆ ಅದಕ್ಕೊಂದು ಲೆಕ್ಕ ಇರುತ್ತೆ ಅಲ್ವಾ?

ಪಶುವೈದ್ಯ, ಮೈಸೂರು

ಕಬ್ಬಿನ ಗದ್ದೆ ಅವರೇ, ನಿಮ್ಮ ಪ್ರಶ್ನೆ ಒಳ್ಳೆಯದು. ಹಳದಿಗೆ ಒಂದು ಲೆಕ್ಕ ಖಂಡಿತ ಇದೆ. ಆದರೆ ನಾವು ಆ ಲೆಕ್ಕವನ್ನು ತಿರುಗಾ ಮುರುಗಾ ಮಾಡಿಕೊಂಡಿದ್ದೇವೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮರಿ ಚಿಪ್ಪು ಒಡೆಯುವ ಮೊದಲೇ ಉಳಿದ ಹಳದಿ ಚೀಲವನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತದೆ. ಹುಟ್ಟಿದಾಗ ಮರಿಯ ತೂಕದಲ್ಲಿ ನೂರಕ್ಕೆ ಸುಮಾರು 10 ರಿಂದ 20 ಭಾಗ ಅದೇ ಇರುತ್ತದೆ. 42 ಗ್ರಾಂ ಮರಿಯಲ್ಲಿ ಐದಾರು ಗ್ರಾಂ ಅಂದುಕೊಳ್ಳಿ. ಇದು ದಾರಿಯ ಬುತ್ತಿ. ಊರು ಸೇರೋವರೆಗೆ ಜೀವ ಹಿಡಿದುಕೊಳ್ಳೋಕೆ ಸಾಕು, ಮೈ ಬೆಳೆಸೋಕೆ ಸಾಲದು. ಆ ಹಳದಿಯಲ್ಲಿ ತಾಯಿ ಕೋಳಿಯಿಂದ ಬಂದ ರೋಗನಿರೋಧಕ ವಸ್ತುಗಳೂ ಇರುತ್ತವೆ. ಮರಿಯನ್ನು ಹಸಿವಿನಲ್ಲಿ ಇಟ್ಟರೆ ಅಂಥ ಬೆಲೆಬಾಳುವ ಪ್ರೋಟೀನನ್ನೇ ಅದು ಸೌದೆಯಾಗಿ ಉರಿಸಬೇಕಾಗುತ್ತದೆ.

ಈಗ ಮುಖ್ಯ ವಿಷಯ. ಹಳದಿ ಎರಡು ದಾರಿಯಲ್ಲಿ ಖರ್ಚಾಗುತ್ತದೆ. ಒಂದು, ನೇರ ರಕ್ತಕ್ಕೆ. ಇನ್ನೊಂದು, ಚೀಲದಿಂದ ಕರುಳಿಗೆ ಇರುವ ಸಣ್ಣ ನಾಳದ ಮೂಲಕ. ಕರುಳಿಗೆ ಆಹಾರ ಬಿದ್ದರೆ ಕರುಳು ಅಲುಗಾಡಲು ಶುರುಮಾಡುತ್ತದೆ, ಆ ಅಲುಗಾಟಕ್ಕೆ ಹಳದಿ ಬೇಗ ಬೇಗ ಕರುಳಿಗೆ ಇಳಿಯುತ್ತದೆ. ಅಂದರೆ ಫೀಡ್ ತಿಂದ ಮರಿಯಲ್ಲೇ ಹಳದಿ ಬೇಗ ಕರಗುತ್ತದೆ, ಉಪವಾಸ ಇಟ್ಟ ಮರಿಯಲ್ಲಿ ಉಳಿದುಕೊಳ್ಳುತ್ತದೆ. ಇಸ್ರೇಲಿನ ಹೀಬ್ರೂ ವಿಶ್ವವಿದ್ಯಾಲಯದ ನಾಯ್ ಮತ್ತು ಸ್ಕ್ಲಾನ್ 1990ರ ದಶಕದಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ಹಳದಿ ಕರಗಲಿ ಆಮೇಲೆ ಫೀಡ್ ಅಂತ ಕಾಯುವವರು, ಹಳದಿ ಕರಗದಂತೆ ತಾವೇ ತಡೆಯುತ್ತಿದ್ದಾರೆ. ಹಾಗೆ ಉಳಿದ ಹಳದಿಗೆ ಹೊಕ್ಕುಳಿನಿಂದ ಸೋಂಕು ತಗುಲಿದರೆ ಹೊಟ್ಟೆ ಉಬ್ಬಿ, ವಾಸನೆ ಬಂದು ಮೊದಲ ವಾರದಲ್ಲೇ ಮರಿ ಸಾಯುತ್ತದೆ. ಸತ್ತ ಮರಿಯನ್ನು ಕೊಯ್ದು ನೋಡಿದಾಗ ಹಸಿರು ಮಿಶ್ರಿತ ಕಂದು ಬಣ್ಣದ, ನೀರು ನೀರಾದ ಹಳದಿ ಕಂಡರೆ ಅದೇ.

ಮೊದಲ ವಾರದಲ್ಲಿ ಮರಿಯ ಮೈಗಿಂತ ಕರುಳೇ ವೇಗವಾಗಿ ಬೆಳೆಯುತ್ತದೆ. ಕರುಳಿನ ಒಳಗೋಡೆಯಲ್ಲಿ ಆಹಾರ ಹೀರಲು ಕೂದಲಿನಂಥ ಎಳೆಗಳಿರುತ್ತವೆ, ಅವು ಉದ್ದವಾಗಬೇಕಾದರೆ ಕರುಳಿನಲ್ಲಿ ಆಹಾರ ಇರಲೇಬೇಕು. ಎದೆ ಮಾಂಸದ್ದೂ ಇದೇ ಕಥೆ. ಮಾಂಸಖಂಡಕ್ಕೆ ಸೇರುವ ಸ್ಯಾಟಲೈಟ್ ಸೆಲ್ ಅನ್ನುವ ಕೋಶಗಳು ಹುಟ್ಟಿದ ಮೊದಲ ಕೆಲವೇ ದಿನ ಜೋರಾಗಿ ಹೆಚ್ಚುತ್ತವೆ. ಆ ದಿನಗಳಲ್ಲಿ ಹಸಿದಿದ್ದರೆ ಆಮೇಲೆ ಎಷ್ಟು ಫೀಡ್ ಸುರಿದರೂ ಪೂರ್ತಿ ಸರಿಹೋಗುವುದಿಲ್ಲ.

ಇನ್ನು ಅಜ್ಜಿಯ ಹೇಂಟೆ. ಅಜ್ಜಿ ನೋಡಿರುವುದು ನಿಜ. ಆದರೆ ಆ ಮರಿ ತಾಯಿಯ ರೆಕ್ಕೆ ಕೆಳಗೆ ಬೆಚ್ಚಗೆ, ಅಲುಗಾಡದೆ ಕೂತಿರುತ್ತದೆ. ಗಾಡಿಯಲ್ಲಿ ಕುಲುಕಿಕೊಂಡು ಊರೂರು ದಾಟಿ ಬಂದಿರುವುದಿಲ್ಲ. ಜೊತೆಗೆ ನಾಟಿ ಮರಿ ನಿಧಾನಕ್ಕೆ ತಿಂಗಳುಗಟ್ಟಲೆ ಬೆಳೆಯುತ್ತದೆ. ಬ್ರಾಯ್ಲರ್ ಐದಾರು ವಾರದಲ್ಲಿ ಎರಡು ಕೆಜಿ ದಾಟಬೇಕು. ಅದರ ಆಯಸ್ಸಿನಲ್ಲಿ ಮೊದಲ ವಾರ ಅಂದರೆ ಆರನೇ ಒಂದು ಭಾಗ. ಒಂದು ದಿನದ ಉಪವಾಸ ಅದಕ್ಕೆ ಸಣ್ಣದಲ್ಲ.

ಹಿಂದೆ ಹಿಕ್ಕೆ ಅಂಟುವುದಕ್ಕೆ ಮೊದಲ ಕಾರಣ ಚಳಿ, ಇಲ್ಲವೇ ಅತಿ ಬಿಸಿ, ಮತ್ತು ದಾರಿಯಲ್ಲಿ ಮೈ ಒಣಗುವುದು. ಕಳಪೆ ಫೀಡ್ ಕೂಡ ಕಾರಣ ಇರಬಹುದು, ಇಲ್ಲ ಅನ್ನುವುದಿಲ್ಲ. ನುಚ್ಚು ಹಾಕಿದರೆ ಅಂಟುವುದು ಕಡಿಮೆ ಆಗುತ್ತದೆ ಎನ್ನುವ ನಿಮ್ಮ ಅನುಭವವನ್ನೂ ನಾನು ತಳ್ಳಿ ಹಾಕುವುದಿಲ್ಲ. ಆದರೆ ಮುಸುಕಿನ ಜೋಳದಲ್ಲಿ ಪ್ರೋಟೀನ್ ನೂರಕ್ಕೆ ಎಂಟೊಂಬತ್ತು ಮಾತ್ರ, ಲೈಸಿನ್ ಅನ್ನುವ ಅಮೈನೋ ಆಮ್ಲ ಅಂತೂ ತೀರಾ ಕಡಿಮೆ. ಪ್ರೀ ಸ್ಟಾರ್ಟರ್‌ನಲ್ಲಿ ಪ್ರೋಟೀನ್ ನೂರಕ್ಕೆ 23 ಇರಬೇಕು ಅಂತ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡವೇ ಇದೆ. ಕರುಳು, ಎದೆ ಕಟ್ಟುವ ಹೊತ್ತಿನಲ್ಲಿ ಬರೀ ಪಿಷ್ಟ ಕೊಟ್ಟರೆ ಹೇಗೆ? ನುಚ್ಚು ಹಾಕಲೇಬೇಕು ಅನ್ನಿಸಿದರೆ ಪೇಪರ್ ಮೇಲೆ ಪ್ರೀ ಸ್ಟಾರ್ಟರ್ ಜೊತೆ ಒಂದಿಷ್ಟು ಉದುರಿಸಿ. ಫೀಡ್ ಬದಲಿಗೆ ನುಚ್ಚು ಬೇಡ.

ಕೊನೆಯದಾಗಿ ಒಂದು ಮಾತು, ಇದು ನನಗೆ ತುಂಬಾ ಮುಖ್ಯ. ಮೊದಲ ನೀರಿಗೇ ಆಂಟಿಬಯೋಟಿಕ್ ಹಾಕುವ ಅಭ್ಯಾಸ ನಮ್ಮ ಮಂಡ್ಯ, ಮೈಸೂರು ಎರಡು ಜಿಲ್ಲೆಯಲ್ಲೂ ಇದೆ. ರೋಗ ಇಲ್ಲದ ಮರಿಗೆ ಅದು ಬೇಡ. ಕೊಲಿಸ್ಟಿನ್ ಎನ್ನುವ ಆಂಟಿಬಯೋಟಿಕ್ ಅನ್ನಂತೂ ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ ಕೊಡಬಾರದು ಅಂತ ಕೇಂದ್ರ ಸರ್ಕಾರ 2019ರಲ್ಲೇ ನಿಷೇಧ ಮಾಡಿದೆ. ಹಳೆ ಸ್ಟಾಕ್ ಯಾರಾದರೂ ಕೈಗಿಟ್ಟರೆ ತಗೋಬೇಡಿ.

ಹ್ಯಾಚರಿ ಕೆಲಸದವ

ಡಾಕ್ಟ್ರು ಹೇಳಿದ್ದಕ್ಕೆ ನಮ್ಮ ಕಡೆಯಿಂದ ಒಂದು ಸೇರಿಸ್ತೀನಿ. ರೈತರು ಮರಿಗೆ ಒಂದು ದಿನ ಅಂತ ಲೆಕ್ಕ ಹಾಕ್ತಾರೆ. ಅದು ನಿಜವಾಗಲೂ ಒಂದು ದಿನ ಅಲ್ಲ.

ಮೊಟ್ಟೆ 18 ದಿನ ಕಾವು ಕೊಡೋ ಸೆಟ್ಟರ್ ಮೆಷಿನ್‌ನಲ್ಲಿ ಇರುತ್ತೆ, ಆಮೇಲೆ ಮರಿ ಹೊರಬರೋ ಹ್ಯಾಚರ್ ಮೆಷಿನ್‌ಗೆ ವರ್ಗಾಯಿಸ್ತೀವಿ, 21ನೇ ದಿನಕ್ಕೆ ಮರಿ ತೆಗೀತೀವಿ. ಆದರೆ ಎಲ್ಲ ಮೊಟ್ಟೆ ಒಂದೇ ಗಂಟೆಗೆ ಒಡೆಯಲ್ಲ. ಮೊದಲ ಮರಿಗೂ ಕೊನೆ ಮರಿಗೂ 24 ರಿಂದ 36 ಗಂಟೆ ವ್ಯತ್ಯಾಸ ಇರುತ್ತೆ. ಮೊದಲು ಹುಟ್ಟಿದ್ದು ಕೊನೆಯದು ಒಣಗೋವರೆಗೂ ಆ ಕತ್ತಲೆ ಬಿಸಿ ಪೆಟ್ಟಿಗೆಯಲ್ಲಿ ನೀರು ನಿಡಿ ಇಲ್ಲದೆ ಕಾಯುತ್ತೆ. ತೆಗೆದ ಮೇಲೆ ಆರಿಸೋದು, ಎಣಿಸೋದು, ವ್ಯಾಕ್ಸಿನ್ ಸ್ಪ್ರೇ, ಬಾಕ್ಸ್ ತುಂಬೋದು, ಗಾಡಿ ಲೋಡ್. ಆಮೇಲೆ ದಾರಿ. ಒಂದು ಗಾಡಿ ಒಂದೇ ಫಾರಂಗೆ ಹೋಗಲ್ಲ, ನಾಲ್ಕು ಕಡೆ ಇಳಿಸಿಕೊಂಡು ಬರುತ್ತೆ. ನಿಮ್ಮದು ಕೊನೆ ಫಾರಂ ಆದರೆ ಬಾಕ್ಸಿನಲ್ಲಿರೋ ಕೆಲವು ಮರಿಗೆ ಹುಟ್ಟಿ ಎರಡು ದಿನ ಆಗಿರುತ್ತೆ. ಅದರ ಮೇಲೆ ನೀವು ಇನ್ನೊಂದು ದಿನ ಬೆಲ್ಲದ ನೀರಲ್ಲೇ ಕೂರಿಸಿದರೆ ಮೂರು ದಿನ ಆಯ್ತು. ಈಗ ಹೇಳಿ, ಯಾವ ಮರಿ ತಡೆಯುತ್ತೆ?

ನೆದರ್‌ಲ್ಯಾಂಡ್ಸ್, ಬೆಲ್ಜಿಯಂ ಕಡೆ ಈ ಕಾಯೋದನ್ನೇ ತಪ್ಪಿಸೋಕೆ ಹ್ಯಾಚರ್ ಒಳಗೇ ಬೆಳಕು, ಫೀಡ್, ನೀರು ಇಡೋ ಮೆಷಿನ್ ಮಾಡಿದ್ದಾರೆ. ಇನ್ನೂ ಕೆಲವರು 18 ದಿನದ ಮೊಟ್ಟೆಯನ್ನೇ ಶೆಡ್‌ಗೆ ತಂದು ಇಡ್ತಾರೆ, ಮರಿ ಹುಟ್ಟೋದೇ ಫೀಡ್ ಪಕ್ಕದಲ್ಲಿ. ಡಚ್ ಸಂಶೋಧಕರು 2017ರಲ್ಲಿ ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ, ಸುಮಾರು ಎರಡು ದಿನ ಫೀಡ್ ನೀರು ಇಲ್ಲದೆ ಇದ್ದ ಮರಿಗಳ ತೂಕ ಆರು ವಾರದವರೆಗೂ ಕಡಿಮೆಯೇ ಇತ್ತು, ಸಾವು ಜಾಸ್ತಿ ಇತ್ತು. ನಮ್ಮ ಕಡೆ ಆ ಮೆಷಿನ್ ಇಲ್ಲ. ಹಾಗಾಗಿ ನಮ್ಮ ಕೈಲಿ ಇರೋದು ಶೆಡ್ ತಲುಪಿದ ಮೇಲಿನ ಗಂಟೆಗಳು ಮಾತ್ರ.

ಮಳವಳ್ಳಿಯವರೇ, ಆರ್ಡರ್ ಕೊಟ್ಟ ಕಡೆ ಫೋನ್ ಮಾಡಿ ಮೂರು ಮಾತು ಕೇಳಿ. ಮರಿ ಎಷ್ಟು ಗಂಟೆಗೆ ಹ್ಯಾಚರ್‌ನಿಂದ ತೆಗೆದ್ರಿ, ಗಾಡಿಯಲ್ಲಿ ನನ್ನದು ಎಷ್ಟನೇ ಫಾರಂ, ಮೊಟ್ಟೆ ಇಟ್ಟ ಪೇರೆಂಟ್ ಕೋಳಿ ವಯಸ್ಸೆಷ್ಟು. ಎಳೆ ಪೇರೆಂಟ್ ಮರಿ ಸಣ್ಣಗಿರುತ್ತೆ, ಅದಕ್ಕೆ ಬಿಸಿ ಒಂದು ಡಿಗ್ರಿ ಜಾಸ್ತಿನೇ ಬೇಕು. ಒಳ್ಳೆ ಹ್ಯಾಚರಿಯವರು ಇದನ್ನ ಹೇಳ್ತಾರೆ. ಬಾಕ್ಸ್ ಬಂದಾಗ ಕಾಲು ನೋಡಿ. ಹೊಳೆಯುತ್ತಾ ತುಂಬಿಕೊಂಡಿದ್ದರೆ ಸರಿ. ಒಣಗಿ ಸುಕ್ಕಾಗಿ, ನರ ಎದ್ದು ಕಾಣುತ್ತಿದ್ದರೆ ಮೈಯಲ್ಲಿ ನೀರು ಹೋಗಿದೆ ಅಂತ ಅರ್ಥ. ಹೊಕ್ಕುಳು ಒಣಗಿ ಮುಚ್ಚಿರಬೇಕು, ಕಪ್ಪು ಗುಂಡಿ ಥರ ಎದ್ದಿದ್ದರೆ ಅಂಥ ಮರಿ ಎಷ್ಟಿವೆ ಅಂತ ಎಣಿಸಿ, ಫೋಟೋ ತೆಗೆದು ಅವತ್ತೇ ಕಳಿಸಿ.

ಮಳವಳ್ಳಿ ಹೊಸ ಶೆಡ್

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಜ್ಜಿಗೆ ಓದಿ ಹೇಳಿದೆ, ಗಾಡಿಯಲ್ಲಿ ಬರೋದು ಅಂದ ಮೇಲೆ ಹೊಟ್ಟೆಗೆ ಹಾಕಪ್ಪ ಅಂದರು.

ಇನ್ನೂ ಎರಡು ಮೂರು ಡೌಟು ಉಳಿದಿದೆ. ಒಂದು, ನೀರು ಫೀಡ್ ಒಟ್ಟಿಗೇನಾ, ಇಲ್ಲ ನೀರು ಕೊಟ್ಟು ಸ್ವಲ್ಪ ಬಿಟ್ಟು ಫೀಡಾ? ಎರಡು, ಬೆಲ್ಲ ಪೂರ್ತಿ ಬೇಡವಾ? ಆಲೆಮನೆಯಿಂದ ಆಗಲೇ ತಂದಿಟ್ಟಿದ್ದಾರೆ. ಮೂರು, ರಾತ್ರಿ ಬರೋದರಿಂದ ಬೆಳಗ್ಗೆವರೆಗೂ ಮಲಗೋಕೆ ಬಿಡಬೇಕಾ? ನಮ್ಮಲ್ಲಿ ರಾತ್ರಿ ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ.

ನಂಜನಗೂಡು ಫಾರಂ

ಮೊದಲು ನೀರು ಆಮೇಲೆ ಫೀಡ್ ಅನ್ನೋರೂ ಇದ್ದಾರೆ. ಮರಿ ತೀರಾ ಒಣಗಿ ಬಂದಿದ್ದರೆ ಒಂದೆರಡು ಗಂಟೆ ನೀರು ಮುಂದಿಡೋದರಲ್ಲಿ ಅರ್ಥ ಇದೆ. ಮಾಮೂಲಿ ಮರಿಗೆ ಅದೂ ಬೇಕಿಲ್ಲ. ಬಾಕ್ಸ್ ಕವುಚುವ ಹೊತ್ತಿಗೆ ಎರಡೂ ಸಿದ್ಧ ಇರಲಿ. ಪ್ರತಿ ಬಾಕ್ಸ್‌ನಿಂದ ಹತ್ತಿಪ್ಪತ್ತು ಮರಿ ಹಿಡಿದು ಕೊಕ್ಕನ್ನ ನೀರಿಗೆ ಅದ್ದಿ ಬಿಡಿ, ಮಿಕ್ಕಿದ್ದು ನೋಡಿ ಕಲಿಯುತ್ತವೆ. ಬಾಕ್ಸನ್ನ ಎತ್ತರದಿಂದ ಕೊಡವಬೇಡಿ, ನೆಲಕ್ಕೆ ಇಟ್ಟು ನಿಧಾನಕ್ಕೆ ಓರೆ ಮಾಡಿ. ಮತ್ತೆ ಖಾಲಿ ಬಾಕ್ಸನ್ನ ಗಾರ್ಡ್ ಒಳಗೆ ಬಿಡಬೇಡಿ.

ಬೆಲ್ಲದ ಬಗ್ಗೆ. ದೂರದಿಂದ ಬಂದ ಮರಿಗೆ ಮೊದಲ ಕೆಲವು ಗಂಟೆ ಕೊಡಬಹುದು. ಲೀಟರ್‌ಗೆ 20 ರಿಂದ 50 ಗ್ರಾಂ ಒಳಗೆ ಇರಲಿ, ಕರಗಿಸಿ ಬಟ್ಟೆಯಲ್ಲಿ ಸೋಸಿ. ಅದಕ್ಕಿಂತ ಗಟ್ಟಿ ಮಾಡಿದರೆ ಹಿಕ್ಕೆ ನೀರಾಗುತ್ತೆ, ಆಗಲೇ ಹಿಂದೆ ಅಂಟೋದು ಶುರು. ಐದಾರು ಗಂಟೆ ಆದ ಮೇಲೆ ಆ ನೀರು ಚೆಲ್ಲಿ, ಡ್ರಿಂಕರ್ ತೊಳೆದು, ಸಾದಾ ನೀರು ತುಂಬಿಸಿ. ಬ್ರೂಡರ್ ಬಿಸಿಗೆ ಬೆಲ್ಲದ ನೀರು ಬೇಗ ಹುಳಿಯಾಗುತ್ತೆ, ಮೂಸಿ ನೋಡಿದರೆ ಗೊತ್ತಾಗುತ್ತೆ. ಮರಿ ಕುಕ್ಕಿದರೆ ಹನಿ ನೀರು ಬರೋ ನಿಪ್ಪಲ್ ಲೈನ್ ಇರೋರು ಲೈನ್‌ಗೆ ಬೆಲ್ಲ ಬಿಡಲೇಬೇಡಿ, ಪೈಪಿನ ಒಳಗೆ ಲೋಳೆ ಕಟ್ಟಿಕೊಂಡರೆ ಬ್ಯಾಚ್ ಪೂರ್ತಿ ಅದೇ ಕೊಳೆ ಕುಡೀತವೆ.

ನಾನು ಕಾಂಟ್ರ್ಯಾಕ್ಟ್‌ನಲ್ಲಿ ಮಾಡೋನು. ನಮಗೆ ಬೇರೆ ಥರದ ಕಷ್ಟ. ಮರಿ ಗಾಡಿ ಬಂದಿರುತ್ತೆ, ಫೀಡ್ ಗಾಡಿ ಬಂದಿರಲ್ಲ. ಸೂಪರ್‌ವೈಸರ್‌ಗೆ ಫೋನ್ ಮಾಡಿದರೆ ಅಲ್ಲಿವರೆಗೂ ನುಚ್ಚು ಹಾಕಿ ಅಂತಾರೆ. ಈ ನುಚ್ಚಿನ ಪದ್ಧತಿ ಎಷ್ಟೋ ಫಾರಂನಲ್ಲಿ ಉಳಿದಿರೋದು ಫೀಡ್ ತಡವಾಗೋದರಿಂದ ಅಂತ ನನಗೆ ಬಲವಾಗಿ ಅನ್ನಿಸುತ್ತೆ. ಅದಕ್ಕೆ ಹಳೆ ಬ್ಯಾಚ್ ಮುಗಿದ ಮೇಲೂ ಮುಂದಿನ ಮರಿಗೆ ಬೇಕಾದ ಪ್ರೀ ಸ್ಟಾರ್ಟರ್ ಮುಂಚೆಯೇ ಕಳಿಸಿ ಅಂತ ನಾನು ಪಟ್ಟು ಹಿಡಿದು ತರಿಸಿಕೊಳ್ತೀನಿ. ಕಾಂಟ್ರ್ಯಾಕ್ಟ್ ಅಣ್ಣತಮ್ಮಂದಿರು ಎಲ್ಲರೂ ಕೇಳಿ, ಕೇಳೋದು ನಮ್ಮ ಹಕ್ಕು. ಮರಿ ತೂಕ ಕಡಿಮೆ ಬಂದರೆ ಕೂಲಿ ಕಡಿಮೆ ಆಗೋದು ನಮಗೇ ತಾನೆ.

ನಿಮಗೆ ಲೆಕ್ಕ ಬೇಕು ಅಂದ್ರಲ್ಲ. ಮೊದಲ ವಾರ ಒಂದು ಮರಿ ಸುಮಾರು 150 ಗ್ರಾಂ ತಿನ್ನುತ್ತೆ. 2000 ಮರಿಗೆ 300 ಕೆಜಿ, ಅಂದರೆ 50 ಕೆಜಿಯ ಆರು ಮೂಟೆ. ಒಂದು ಮೂಟೆ ಜಾಸ್ತಿ ಇಟ್ಟುಕೊಳ್ಳಿ. ಕ್ರಂಬ್ಸ್ (ಸಣ್ಣ ಹರಳಿನಂಥ ಫೀಡ್) ಸಿಕ್ಕರೆ ಕ್ರಂಬ್ಸೇ ತಗೊಳ್ಳಿ. ತೀರಾ ಪುಡಿ ಇದ್ದರೆ ಮರಿ ಕೊಕ್ಕಿಗೆ ಮೆತ್ತಿಕೊಳ್ಳುತ್ತೆ. ಒಮ್ಮೆಗೇ ರಾಶಿ ಸುರಿಯಬೇಡಿ, ಸ್ವಲ್ಪ ಸ್ವಲ್ಪ ಹಾಕಿ, ಮೂರು ಗಂಟೆಗೊಮ್ಮೆ ಹೊಸದು ಉದುರಿಸಿ. ಹೊಸದು ಬಿದ್ದಾಗಲೆಲ್ಲ ಮಲಗಿದ್ದ ಮರಿ ಎದ್ದು ಬರುತ್ತೆ.

ಕಾವೇರಿ ತೀರ, ತಿ. ನರಸೀಪುರ

ರಾತ್ರಿ ಬಂದರೂ ಮಲಗಿಸೋ ಮಾತೇ ಇಲ್ಲ. ಮೊದಲ ದಿನಗಳಲ್ಲಿ 23 ಗಂಟೆ ಬೆಳಕು ಬೇಕು. ಕತ್ತಲಲ್ಲಿ ಮರಿ ತಿನ್ನಲ್ಲ, ಕುಡಿಯಲ್ಲ. ಕರೆಂಟ್ ಹೋದರೆ ಅಂತ ಚಾರ್ಜಿಂಗ್ ಲೈಟ್ ಎರಡು ಮೂರು ರೆಡಿ ಇರಲಿ. ಬಲ್ಬಿನಿಂದಲೇ ಬಿಸಿ ಕೊಡೋದಾದರೆ ಜನರೇಟರ್ ಬಾಡಿಗೆಗಾದರೂ ತಂದಿಡಿ, ಇಲ್ಲದಿದ್ದರೆ ಒಂದು ಗಂಟೆ ಕರೆಂಟ್ ಹೋದರೂ ಬೆಳಗ್ಗೆ ಮೂಲೆಯಲ್ಲಿ ಅಮುಕಿ ಸತ್ತಿರೋ ಮರಿ ಎಣಿಸಬೇಕಾಗುತ್ತೆ.

ತಿಂದಿವೆಯೋ ಇಲ್ಲವೋ ತಿಳಿಯೋದು ಹೇಗೆ ಅಂತ ಯಾರೂ ಹೇಳಲಿಲ್ಲ. ಫೀಡ್ ಖಾಲಿಯಾಗಿದ್ದು ನೋಡಿ ಹೇಳೋಕಾಗಲ್ಲ, ಗಟ್ಟಿ ಮರಿ ಜಾಸ್ತಿ ತಿಂದು ಬಡ ಮರಿ ಹಾಗೇ ಕೂತಿರುತ್ತೆ. ಕುತ್ತಿಗೆ ಬುಡದಲ್ಲಿ ಮೇವಿನ ಚೀಲ ಇರುತ್ತಲ್ಲ, ಅದನ್ನ ಎರಡು ಬೆರಳಲ್ಲಿ ಮೆಲ್ಲಗೆ ಮುಟ್ಟಿ ನೋಡಬೇಕು. ಮೆತ್ತಗೆ, ದುಂಡಗೆ, ನೆನೆದ ಹಿಟ್ಟಿನ ಹಾಗೆ ಸಿಕ್ಕಿದರೆ ಫೀಡೂ ತಿಂದಿದೆ ನೀರೂ ಕುಡಿದಿದೆ. ಗಟ್ಟಿಯಾಗಿ ಒಳಗೆ ಕಾಳು ಕಾಳು ಸಿಕ್ಕಿದರೆ ತಿಂದಿದೆ, ಕುಡಿದಿಲ್ಲ, ನೀರು ಹತ್ತಿರ ಇಡಿ. ಬಲೂನಿನಂತೆ ತುಳುಕಿದರೆ ಬರೀ ನೀರು. ಏನೂ ಸಿಗದಿದ್ದರೆ ಖಾಲಿ. ಪ್ರತಿ ಗಾರ್ಡ್‌ನಲ್ಲಿ ಬೇರೆ ಬೇರೆ ಜಾಗದಿಂದ ಮೂವತ್ತು ನಲವತ್ತು ಮರಿ ಹಿಡಿದು ನೋಡಿ. ಇಳಿಸಿ 2 ಗಂಟೆಗೆ ನೂರಕ್ಕೆ 75 ಮರಿಯ ಚೀಲ ತುಂಬಿರಬೇಕು, 12 ಗಂಟೆಗೆ 85ಕ್ಕಿಂತ ಜಾಸ್ತಿ, 24 ಗಂಟೆಗೆ 95 ದಾಟಿರಬೇಕು. ರಾತ್ರಿ ಹನ್ನೊಂದಕ್ಕೆ ಇಳಿಸಿದರೆ ನಡುರಾತ್ರಿ ದಾಟಿ ಒಂದಕ್ಕೆ ಒಮ್ಮೆ ನೋಡಲೇಬೇಕು, ಆ ರಾತ್ರಿ ನಿದ್ದೆ ಇಲ್ಲ ಅಂದುಕೊಳ್ಳಿ.

ಕೈಯಲ್ಲಿ ಹಿಡಿದಾಗಲೇ ಅದರ ಪಾದವನ್ನ ನಿಮ್ಮ ಕೆನ್ನೆಗೆ ತಾಗಿಸಿ ನೋಡಿ. ತಣ್ಣಗೆ ತಾಗಿದರೆ ನೆಲ ತಣ್ಣಗಿದೆ. ಚೀಲ ಖಾಲಿ ಇರೋ ಮರಿ ಕಾಲು ಹೆಚ್ಚಾಗಿ ತಣ್ಣಗೇ ಇರುತ್ತೆ. ಆಗ ಫೀಡ್ ಬದಲಾಯಿಸೋಕೆ ಹೋಗಬೇಡಿ, ಬ್ರೂಡರ್ ಸರಿ ಮಾಡಿ.

ಕಬ್ಬಿನ ಗದ್ದೆ

ಡಾಕ್ಟ್ರೇ, ಹಳದಿ ವಿಷಯ ಹೀಗೆ ಬಿಡಿಸಿ ಯಾರೂ ಹೇಳಿರಲಿಲ್ಲ. ನುಚ್ಚು ಪೂರ್ತಿ ಬಿಡೋಕೆ ನನಗೆ ಇನ್ನೂ ಮನಸ್ಸು ಬರ್ತಿಲ್ಲ. ಮುಂದಿನ ಬ್ಯಾಚ್‌ನಲ್ಲಿ ಎರಡು ಗಾರ್ಡ್ ಬೇರೆ ಮಾಡ್ತೀನಿ, ಒಂದಕ್ಕೆ ನಮ್ಮ ಪದ್ಧತಿ, ಇನ್ನೊಂದಕ್ಕೆ ಬಂದ ತಕ್ಷಣ ಪ್ರೀ ಸ್ಟಾರ್ಟರ್. ಬಿಸಿ, ನೀರು, ಮರಿ ಎಲ್ಲ ಒಂದೇ. ವಾರಕ್ಕೆ ತೂಕ ಹಾಕಿ ನೋಡ್ತೀನಿ. ತೂಕ ಎಷ್ಟು ಬಂದರೆ ಸರಿ ಅಂತ ಹೇಳಿ.

ಪಶುವೈದ್ಯ, ಮೈಸೂರು

ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ, ಖಂಡಿತ ಮಾಡಿ. ಬಂದ ದಿನ ಬಾಕ್ಸ್ ಸಮೇತ ತೂಗಿ, ಖಾಲಿ ಬಾಕ್ಸಿನ ತೂಕ ಕಳೆದು, ಮರಿಯ ಸರಾಸರಿ ತೂಕ ಬರೆದಿಡಿ. 7ನೇ ದಿನಕ್ಕೆ ಅದರ ನಾಲ್ಕು ಪಟ್ಟು ಕನಿಷ್ಠ ಬರಬೇಕು, ನಾಲ್ಕೂವರೆ ಬಂದರೆ ಚೆನ್ನಾಗಿದೆ. 42 ಗ್ರಾಂ ಮರಿ 170ರ ಹತ್ತಿರ ಇರಬೇಕು ಅಂತಾಯಿತು. ಬ್ಯಾಚ್ ಕೊನೆಗೆ ತೂಕ ಎಷ್ಟು ಬರುತ್ತದೆ ಎನ್ನುವುದರ ಅಂದಾಜು ಅವತ್ತೇ ಸಿಗುತ್ತದೆ.

ಒಂದೇ ಜಾಗದಲ್ಲಿ ಕೈಗೆ ಸಿಕ್ಕ ಮರಿ ಹಿಡಿಯಬೇಡಿ, ಅಲ್ಲಿ ಸುಲಭಕ್ಕೆ ಸಿಗುವುದು ಮಂಕು ಮರಿಯೇ. ಗಾರ್ಡ್‌ನ ಮೂರು ಕಡೆ ತಗಡು ಅಡ್ಡ ಇಟ್ಟು, ಒಳಗೆ ಸಿಕ್ಕಿದ ಅಷ್ಟೂ ಮರಿಯನ್ನು ತೂಗಿ. ರಾಣಿಖೇತ್ ರೋಗಕ್ಕೆ ಲಸೋಟಾ ಲಸಿಕೆ ಹಾಕುವುದು 5 ರಿಂದ 7ನೇ ದಿನ ಇರುತ್ತಲ್ಲ, ಹೇಗೂ ಮರಿ ಕೈಗೆ ಬಂದಿರುತ್ತದೆ, ಕಣ್ಣಿಗೆ ಹನಿ ಹಾಕುವಾಗಲೇ ತೂಕವನ್ನೂ ಹಾಕಿದರೆ ಎರಡು ಸಲ ಗಾಬರಿ ಮಾಡುವುದು ತಪ್ಪುತ್ತದೆ. ಮಳವಳ್ಳಿಯವರೂ ಹೀಗೇ ಮಾಡಿ. ತೂಕ ಇಲ್ಲೇ ಹಾಕಿ, ಜೊತೆಗೆ ಗಾಡಿ ಬಂದ ಗಂಟೆ, ಮೊದಲ ಫೀಡ್ ಬಿದ್ದ ಗಂಟೆ, 24 ಗಂಟೆಗೆ ಎಷ್ಟು ಮರಿಯ ಚೀಲ ತುಂಬಿತ್ತು ಅನ್ನುವುದನ್ನೂ ಬರೆಯಿರಿ.